ಕಾಂಗ್ರೆಸ್ ಕಸದ ಕಾಕು

ನಮ್ಮ ಡೊಂಬಿವಲಿಯ ಚಾಳಿನ ಹಿಂದೆ ಕಾಂಕ್ರೀಟ್ ಮಿಕ್ಸರ್ ಗಡಗಡ ಅಂದರೆ ನೀಲಗಂಗಾ ಕಾಕು ಕೂತಲ್ಲಿ ಕೂರುವುದಿಲ್ಲ. ಮಣ್ಣು ಅಗೆದಲ್ಲೆಲ್ಲ ಕಾಂಗ್ರೆಸ್ ಕಸ ಹುಟ್ಟುತ್ತದೆ. "ಎಲಿ ಗಜ್ಜರಿ ಹಂಗ, ದಂಟಿಗೆ ಗೀರು, ಹೂ ಬೆಳ್ಳಗ" ಎಂದು ಲೋಕಲ್ ರೈಲು ಹಿಡಿಯಲು ಓಡುವವರನ್ನೂ ನಿಲ್ಲಿಸಿ ತೋರಿಸುತ್ತಾರೆ. ಹತ್ತಿರದ ಶಹಾಡ್ ಊರಿಗೆ ಮದುವೆಗೆ ಹೋದರೂ ಅಕ್ಷತೆ ಹಾಕುವ ಮುಂಚೆ ಮಂಟಪದ ಹಿಂದಿನ ಬಯಲು ನೋಡಿ, ಕಂಡ ಗಿಡ ಕಿತ್ತು ಬರುತ್ತಾರೆ. "ಮುನ್ಸಿಪಾಲ್ಟಿಯವರು ನಿಮಗ ಪಗಾರ ಕೊಡ್ತಾರೇನ್ರೀ?" ಎಂದು ಪಕ್ಕದ ಮನೆಯ ಶಂಕರೆಪ್ಪ ಕೆಣಕಿದರೆ ನಗುತ್ತಾರೆ. ಡೊಂಬಿವಲಿಗೆ ಬಂದ ಮೊದಲ ವರ್ಷ ಊರಿನ ದವನವೆಂದು ಈ ಸಸಿಯನ್ನೇ ತಂದು, ಮಗಳ ಹಾಸಿಗೆ ಪಕ್ಕದ ಕಿಟಕಿಯಲ್ಲಿ ಡಬ್ಬಿಯೊಳಗೆ ನೆಟ್ಟು, ಪರಿಮಳಕ್ಕೆ ಕಾದು ನೀರೆರೆದವರು ಅವರೇ. ಹೂ ಬಿಟ್ಟ ವಾರವೇ ಮಗಳಿಗೆ ಉಬ್ಬಸ ಹತ್ತಿತು. ನಿನ್ನೆ "ಚಾ ಕುಡದು ಹೋಗ್ರಿ" ಎಂದೆ. "ಹೂ ಬಿಡೂದ್ರೊಳಗ ಕೀಳಬೇಕವ್ವಾ, ಇಲ್ಲಾಂದ್ರ ಆಕಿ ಉಸಿರು..." ಎನ್ನುತ್ತಲೇ ಮೆಟ್ಟಿಲಿಳಿದು ಹೋದರು.