ಪಾಲಿನ ಗಡಿಗೆ ನಿಂತ ಕಲ್ಲು

ಕಾಪುವಿನಲ್ಲಿ ದೊಡ್ಡಮ್ಮನ ಮನೆಗೂ ಕಡಲಿಗೂ ನಡುವೆ ಎಷ್ಟು ಮರಳಿತ್ತು ಎಂದು ಕೇಳಿದರೆ ನಂಬುವಂಥ ಉತ್ತರ ಕೊಡಲಾರೆ. ಬಾಲ್ಯದ ಅಂಗಳಗಳೆಲ್ಲ ದೊಡ್ಡವೇ. ಆದರೂ ಮಧ್ಯಾಹ್ನ ಅದನ್ನು ದಾಟುವಾಗ ಅಂಗಾಲು ಸುಟ್ಟು, ನಡುವೆ ಬಳ್ಳಿಯ ಎಲೆಗಳ ಮೇಲೆ ನಿಂತು ತಣಿಸಿಕೊಂಡೇ ಮುಂದೆ ಓಡಬೇಕಿತ್ತು. ಇಷ್ಟು ನಿಜವಿರಬೇಕು.

ಅಜ್ಜಿಯ ಜಾಗ ಪಾಲಾದಾಗ ಬಡಗು ಭಾಗ ಮಾವನಿಗೂ ತೆಂಕು ಭಾಗ ಅವನ ಅಕ್ಕನಾದ ದೊಡ್ಡಮ್ಮನಿಗೂ ಬಂದಿತ್ತು. ಉಡುಪಿಗೆ ಮದುವೆಯಾಗಿ ಹೋಗಿದ್ದ ನನ್ನ ಅಮ್ಮ ಏನನ್ನೂ ಕೇಳಿರಲಿಲ್ಲ. ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಕಡಲು ಮಾವನ ತೆಂಗಿನ ಸಾಲನ್ನು ಎಳೆದುಕೊಂಡಿತು. ಮಾವ ಕಂಡಕಂಡ ಕಚೇರಿಗಳಿಗೆ ಅಲೆದ. ಕೊನೆಗೆ ಕಾರ್ಕಳದ ಕಡೆಯಿಂದ ಲಾರಿಗಳಲ್ಲಿ ಕಪ್ಪು ಬಂಡೆಗಳು ಬಂದು ಅವನ ಮನೆಯ ಮುಂದೆ ಕಡಲಿಗೆ ತಡೆಗೋಡೆಯಾಗಿ ಬಿದ್ದವು. ಪಾಲಿನ ಗಡಿಗೆ ಸರಿಯಾಗಿ ನಿಂತವು.

ಅಲ್ಲಿಗೇ ಏಕೆ ನಿಂತವು ಎಂಬುದೇ ನಮ್ಮ ಮನೆತನದ ಮುಗಿಯದ ಜಗಳ. ಮಾವನ ಮಗಳು ಹೇಳುವ ಪ್ರಕಾರ ಅವಳ ಅಪ್ಪ ಕೇಳಿದ್ದ: "ಅಕ್ಕ, ನಿನ್ನ ಬದಿಗೂ ಹಾಕಿಸುವುದಾ?"

"ಕಲ್ಲು ಹಾಕಿದ ಮೇಲೆ ಬಲೆ ಎಳೆಯುವುದು ಎಲ್ಲಿ ಮಾರಾಯ, ನಿನ್ನ ತಲೆಯ ಮೇಲಾ?" ಎಂದು ದೊಡ್ಡಮ್ಮ ನಕ್ಕಿದ್ದಳಂತೆ.

ಹಾಗೆ ಹೇಳಿದ್ದರೆ ತಪ್ಪಲ್ಲ. ಆಗ ಇನ್ನೂ ರಂಪಣಿ ಇತ್ತು. ಊರಿನಷ್ಟು ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು ಮೀನಿನ ಹಿಂಡಿನ ಸುತ್ತ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಳೆಯಬೇಕು. ಹಗ್ಗಕ್ಕೆ ಕೈಹಾಕಿದವರಿಗೆಲ್ಲ ಮೀನಿನ ಪಾಲು. ಅದಕ್ಕೆ ತೆರೆದ ಮರಳು ಬೇಕು, ಬಂಡೆಯಿದ್ದಲ್ಲಿ ಬಲೆ ಹರಿಯುತ್ತದೆ. ಗಂಡ ತೀರಿಹೋದ ಮೇಲೆ ದೊಡ್ಡಮ್ಮ ಬದುಕಿದ್ದೇ ಆ ಮರಳಿನಿಂದ. ಮಳೆ ನಿಂತೊಡನೆ ಅವಳ ಮನೆಯ ಮುಂದೆ ಬೂತಾಯಿ ಮೀನು ಒಣಗುತ್ತಿತ್ತು, ಕಾಗೆ ಓಡಿಸುವುದು ರಜೆಗೆ ಬಂದ ನಮ್ಮ ಕೆಲಸ.

ಅಮ್ಮ ಮಾತ್ರ ಸಾಯುವವರೆಗೂ, ತಮ್ಮ ಕೇಳಲೇ ಇಲ್ಲ ಎಂದಳು. ದೊಡ್ಡಮ್ಮ ನಕ್ಕ ಮುಖ ನನ್ನ ಕಣ್ಣಿಗೆ ಕಟ್ಟಿದೆ. ಆದರೆ ಕಲ್ಲು ಬಿದ್ದ ದಿನಗಳಲ್ಲಿ ನಾನು ಉಡುಪಿಯ ಶಾಲೆಯಲ್ಲಿದ್ದಿರಬೇಕು. ಕೇಳಿದ ಕತೆಗೆ ನಾನೇ ಒಂದು ಮುಖ ಜೋಡಿಸಿದೆನೇನೋ. ಮಾತು ನಡೆದಿದ್ದರೂ ತುಳುವಿನಲ್ಲಿ, ಇಲ್ಲಿರುವ ಕನ್ನಡವಂತೂ ನನ್ನದೇ.

ಕೆಲವೇ ವರ್ಷಗಳಲ್ಲಿ ಯಂತ್ರದ ದೋಣಿಗಳು ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿದು ಎತ್ತತೊಡಗಿದವು. ರಂಪಣಿಯಲ್ಲಿ ಕಸವೂ ಅಂಬಲಿಯಂಥ ಲೋಳೆ ಮೀನೂ ಮಾತ್ರ ಬರತೊಡಗಿದವು. ಬಲೆ ಕೊಟ್ಟಿಗೆ ಸೇರಿತು. ಬಲೆಗೆಂದು ಉಳಿಸಿಕೊಂಡಿದ್ದ ಮರಳೂ ಮಳೆಗಾಲದಿಂದ ಮಳೆಗಾಲಕ್ಕೆ ಕರಗಿತು.

ಆಗ ನಾನು ಮಣಿಪಾಲದಲ್ಲಿ ಓದುತ್ತಿದ್ದೆ. ಗೋಡೆಗೆ ಬಡಿದ ಅಲೆ ಅದರ ತುದಿಯಲ್ಲಿ ಹೇಗೆ ತಿರುಗಿ ಪಕ್ಕದ ಮರಳನ್ನು ಕೊರೆಯುತ್ತದೆ ಎಂದು ಮೇಷ್ಟ್ರೊಬ್ಬರು ಬೋರ್ಡಿನ ಮೇಲೆ ಬರೆದು ತೋರಿಸಿದರು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ, ಈಗಲೂ ಇಲ್ಲ. ಕಡಲು ಒಂದು ಕಡೆ ತಿಂದು ಇನ್ನೊಂದು ಕಡೆ ಉಗುಳುತ್ತದೆ, ಗೋಡೆಯಿಲ್ಲದ ಕಡೆಯೂ ಮನೆಗಳು ಹೋಗಿವೆ. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅವಳು ಮೀನು ಹೆಚ್ಚುತ್ತಲೇ, "ಕಡಲಿಗೆ ಪಾಲುಪತ್ರ ಓದಲಿಕ್ಕೆ ಬರ್ತದಾ?" ಎಂದಳು.

ಅಲೆ ಜಗಲಿಗೆ ಮುಟ್ಟುವ ಮೊದಲೇ ದೊಡ್ಡಮ್ಮನ ಮನೆ ಬಿಚ್ಚಿದೆವು. ಮಾಡು ಹತ್ತಿದ್ದು ಮಾವನೇ. ಅವನು ಹಂಚು ಕಿತ್ತು ಕೊಟ್ಟ, ನಾವು ಸಾಲಾಗಿ ನಿಂತು ಕೈಯಿಂದ ಕೈಗೆ ಇಳಿಸಿದೆವು. ದೊಡ್ಡಮ್ಮ ಒಂದೊಂದರ ಪಾಚಿಯನ್ನೂ ಸೀರೆಯ ಸೆರಗಿನಿಂದ ಒರೆಸಿ ಜೋಡಿಸಿದಳು. ಇಳಿದು ಬಂದ ಮಾವ, ನಮ್ಮಲ್ಲಿಗೆ ಬಾ, ಕೋಣೆ ಉಂಟು ಎಂದ. ಅವಳು ಕೊನೆಯ ಹಂಚನ್ನೂ ಒರೆಸಿಟ್ಟು, ಕೆಮ್ಮಣ್ಣು ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೋದಳು. ಅಲ್ಲಿ ಹಿನ್ನೀರು ಸದ್ದಿಲ್ಲದೆ ಏರಿ ಇಳಿಯುತ್ತದೆ. ಸದ್ದಿಲ್ಲದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ ಎಂದು ಮಗಳು ಹೇಳುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಮಾವ ಅಲ್ಲಿಗೆ ಬಂದ. ಆ ದಿನ ನಾನು ಇದ್ದೆ, ಇದರಲ್ಲಿ ಸಂಶಯವಿಲ್ಲ. ಗೋಡೆಯನ್ನು ಮುಂದುವರಿಸುತ್ತಾರಂತೆ, ಅವಳ ಜಾಗದಲ್ಲಿ ಉಳಿದದ್ದಾದರೂ ಉಳಿಯುತ್ತದೆ, ಒಪ್ಪಿಗೆ ಬೇಕು ಎಂದ. ಮಜ್ಜಿಗೆಯ ಲೋಟವನ್ನು ಅವನ ಮುಂದಿಟ್ಟು ದೊಡ್ಡಮ್ಮ ಕೇಳಿದಳು: "ಎಲ್ಲಿಯವರೆಗೆ ಹಾಕ್ತಾರೆ?"

"ನಿನ್ನ ಗಡಿಯವರೆಗೆ."

"ಅದರಾಚೆ ಮನೆ ಉಂಟಲ್ವಾ?"

ಮಾವ ಮಜ್ಜಿಗೆ ಕುಡಿಯಲಿಲ್ಲ. ಅವಳು ಒಪ್ಪಿದಳೋ, ಇವನೇ ಅವಳ ಪರವಾಗಿ ಒಪ್ಪಿಬಿಟ್ಟನೋ ತಿಳಿಯದು. ಮಳೆಗೆ ಮುಂಚೆ ಲಾರಿಗಳು ಬಂದವು. ಆಚೆ ಮನೆಯಲ್ಲಿ ಬಾಣಂತಿಯೊಬ್ಬಳಿದ್ದಳು. ಆಷಾಢದಲ್ಲಿ ಕಡಲು ಅಂಗಳಕ್ಕೆ ಬಂದಾಗ ಅವಳನ್ನು ಮಂಚದ ಸಮೇತ ರಸ್ತೆಗೆ ಹೊತ್ತು ತಂದರು.