ಚೀಟಿ ಬರದ ಶನಿವಾರ

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನದೊಂದು ಅಂಗಡಿ ಇದೆ. ಮನೆಯಲ್ಲಿ ಮಲಗಿರುವ ರೋಗಿಗಳಿಗೆ ಬೇಕಾದ ಮಂಚ, ಗಾಲಿಕುರ್ಚಿ, ವಾಕರ್, ಆಕ್ಸಿಜನ್ ಮೆಷಿನ್ ಮಾರುತ್ತೇನೆ. ಕೆಲವನ್ನು ಬಾಡಿಗೆಗೂ ಕೊಡುತ್ತೇನೆ. ನಗುತ್ತಾ ಒಳಗೆ ಬರುವ ಗಿರಾಕಿ ನನಗಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಚೌಕಾಶಿ ಮಾಡುವ ತ್ರಾಣವೂ ಇರುವುದಿಲ್ಲ.

ಆ ಶನಿವಾರ ಮಧ್ಯಾಹ್ನ ಕುಣಿಗಲ್ಲಿನಿಂದ ಒಬ್ಬ ಮೇಷ್ಟ್ರು ಬಂದರು. ಐವತ್ತು ದಾಟಿದ ವಯಸ್ಸು. ಹೆಂಡತಿಗೆ ಶ್ವಾಸಕೋಶದ ಕಾಯಿಲೆ, ಆಸ್ಪತ್ರೆಯಿಂದ ಹಿಂದಿನ ದಿನವಷ್ಟೇ ಮನೆಗೆ ಕಳಿಸಿದ್ದರು. ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಳ್ಳಲೇಬೇಕು ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅವರು ಮೇಜಿನ ಮೇಲೆ ಬಿಡಿಸಿಟ್ಟರು. ಬಾಡಿಗೆಗೆ ಕೊಡುವ ಎರಡು ಮೆಷಿನ್‌ಗಳೂ ಹೊರಗಿದ್ದವು. ಮಾರುವುದಕ್ಕೆ ಒಂದು ಹೊಸದು ಇತ್ತು. ನಲವತ್ತೆಂಟು ಸಾವಿರ.

"ಕೈಯಲ್ಲಿದ್ದಿದ್ದೆಲ್ಲ ಆಸ್ಪತ್ರೆಗೆ ಹೋಯ್ತು ಮೇಡಂ. ಕಾರ್ಡಲ್ಲಿ ಐವತ್ತು ಸಾವಿರ ಉಳಿದಿದೆ, ಅದ್ರಲ್ಲಿ ತಗೊಳ್ಳಿ" ಎಂದು ಕ್ರೆಡಿಟ್ ಕಾರ್ಡ್ ಕೊಟ್ಟರು.

ಮೇಜಿನ ಮೇಲಿದ್ದ ಕಾರ್ಡ್ ಮೆಷಿನ್ನಿಗೆ ಅದನ್ನು ಹಾಕಿದೆ. ಅವರು ಪಿನ್ ಒತ್ತಿದರು. ಪರದೆಯ ಮೇಲೆ ಚಕ್ರ ಬಹಳ ಹೊತ್ತು ತಿರುಗಿ, ಕೊನೆಗೆ ಆಗಲಿಲ್ಲ ಎಂದು ತೋರಿಸಿತು. ಹಣ ಸಂದಿತೆಂಬ ಚೀಟಿ ಬರಲಿಲ್ಲ. ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು. ನಲವತ್ತೆಂಟು ಸಾವಿರ ಖರ್ಚಾಗಿದೆ ಎಂದು ಬ್ಯಾಂಕಿನ ಮೆಸೇಜು. ಅದನ್ನು ನನಗೆ ತೋರಿಸಿದರು. ಇನ್ನೊಮ್ಮೆ ಕಾರ್ಡ್ ಹಾಕಿದೆವು. ಈ ಸಲ ಮೆಷಿನ್ ಕೂಡಲೇ ಉತ್ತರ ಕೊಟ್ಟಿತು: ಕಾರ್ಡಿನಲ್ಲಿ ಅಷ್ಟು ಮಿತಿ ಉಳಿದಿಲ್ಲ.

"ನನ್ ಕಡೆಯಿಂದ ಹೋಗಿದೆ ಮೇಡಂ, ನೋಡಿ."

"ನನಗೆ ಬಂದಿಲ್ಲ ಸಾರ್. ಚೀಟಿ ಬಂದ್ರೆ ತಾನೆ ನಾನು ಕೊಡೋಕಾಗೋದು?"

ಎರಡು ತಿಂಗಳ ಹಿಂದೆ ಒಬ್ಬ ಇದೇ ರೀತಿ ಫೋನಿನಲ್ಲಿ ಮೆಸೇಜು ತೋರಿಸಿ ಗಾಲಿಕುರ್ಚಿ ಹೊತ್ತುಕೊಂಡು ಹೋಗಿದ್ದ. ಮೆಸೇಜು ಅವನೇ ಮಾಡಿಕೊಂಡದ್ದು. ಅದು ನನ್ನ ತಲೆಯಲ್ಲಿತ್ತು. ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆ ಎಂದು ಅನಿಸಲಿಲ್ಲ. ಆದರೂ ಕೈ ಮುಂದಾಗಲಿಲ್ಲ. ಅವರು ಜೇಬಿನಿಂದ ಸ್ಕೂಲಿನ ಗುರುತಿನ ಚೀಟಿ ತೆಗೆದರು. "ಇದು ನಿಮ್ಮ ಹತ್ರಾನೇ ಇರ್ಲಿ" ಎಂದರು. ನಾನು ಅದನ್ನು ಮುಟ್ಟಲಿಲ್ಲ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ನಮ್ಮಪ್ಪ ಕೂತಿದ್ದರು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆ ಇಡೀ ಆಯಸ್ಸು ಅಂಚೆ ಹಂಚಿದವರು. ಈಗ ನನ್ನ ಜೊತೆ ಇದ್ದಾರೆ, ಮಧ್ಯಾಹ್ನ ಅಂಗಡಿಗೆ ಬಂದು ಕೂರುತ್ತಾರೆ.

"ಕೊಟ್ಟು ಕಳ್ಸಮ್ಮ" ಎಂದರು ಅಪ್ಪ. "ಉಸಿರಾಟದ ವಿಷ್ಯ ಅದು."

"ನೀನು ಸುಮ್ನಿರಪ್ಪ" ಎಂದೆ.

ನನ್ನ ಧ್ವನಿ ಅಷ್ಟು ಗಡುಸಾಗಿದ್ದುದಕ್ಕೆ ಹಳೆಯದೊಂದು ಕಾರಣವಿತ್ತು. ಆಗೆಲ್ಲ ದೂರದಲ್ಲಿ ದುಡಿಯುವವರು ಮನಿಯಾರ್ಡರ್ ಮಾಡುತ್ತಿದ್ದರು. ಅಲ್ಲಿ ಕಟ್ಟಿದ ನೋಟೇ ಇಲ್ಲಿಗೆ ಬರುತ್ತದೆಂದು ಚಿಕ್ಕವಳಿದ್ದಾಗ ನಾನು ನಂಬಿದ್ದೆ. ಅಪ್ಪ ನಕ್ಕು, ಬರುವುದು ಫಾರಂ ಮಾತ್ರ, ದುಡ್ಡು ಗುಬ್ಬಿಯ ಅಂಚೆ ಕಚೇರಿಯಿಂದ ಚೀಲದಲ್ಲಿ ಬರಬೇಕು ಎಂದು ತಿಳಿಸಿದ್ದರು. ಅದಕ್ಕೂ ಹಿಂದೆ ಗುಬ್ಬಿಯ ಸಾಹುಕಾರರು ಹುಂಡಿ ಬರೆಯುತ್ತಿದ್ದರಂತೆ. ಇಂಥವರಿಗೆ ಇಷ್ಟು ಕೊಡಿ ಎಂದು ಬೇರೆ ಊರಿನ ವ್ಯಾಪಾರಿಗೆ ಬರೆದ ಕಾಗದ ಅದು. ಆ ವ್ಯಾಪಾರಿ ಬರೆದವನ ಅಕ್ಷರ ಗುರುತು ಹಿಡಿದು ತನ್ನ ಪೆಟ್ಟಿಗೆಯಿಂದ ಹಣ ಎಣಿಸಿ ಕೊಡುತ್ತಿದ್ದ. ಅಪ್ಪ ಇದನ್ನು ತಮ್ಮ ತಂದೆಯಿಂದ ಕೇಳಿದ್ದರು.

ಒಮ್ಮೆ ಒಬ್ಬ ಬಾಣಂತಿಗೆ ಗಂಡನಿಂದ ಮನಿಯಾರ್ಡರ್ ಬಂತು. ಫಾರಂ ಬಂದಿತ್ತು, ಚೀಲ ಬಂದಿರಲಿಲ್ಲ. ಮಗುವಿಗೆ ಜ್ವರ. ಅಪ್ಪ ಮನೆಗೆ ಬಂದು ಅಕ್ಕಿಗೆಂದು ಇಟ್ಟಿದ್ದ ದುಡ್ಡನ್ನು ತೆಗೆದುಕೊಂಡು ಹೋಗಿ ಅವಳಿಗೆ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡರು. ಕಚೇರಿಗೆ ದುಡ್ಡು ಬರುವ ಮೊದಲೇ ಹಣ ಪಾವತಿಯಾದದ್ದು ತಪಾಸಣೆಯಲ್ಲಿ ಸಿಕ್ಕಿಬಿತ್ತು. ಅಪ್ಪನನ್ನು ಎರಡು ತಿಂಗಳು ಕೆಲಸದಿಂದ ದೂರ ಇಟ್ಟರು. ಆ ಎರಡು ತಿಂಗಳು ನಮ್ಮಮ್ಮ ಕಂಡವರ ತೋಟದಲ್ಲಿ ಕೂಲಿ ಮಾಡಿದರು. "ಕಾಗ್ದ ನಂಬ್ಕೊಂಡು ಯಾರಾದ್ರೂ ದುಡ್ಡು ಕೊಡ್ತಾರಾ?" ಎಂದು ಅಮ್ಮ ಅತ್ತದ್ದನ್ನು ನಾನು ಮರೆತಿಲ್ಲ. ಅಪ್ಪ ಮರೆತಂತಿದ್ದರು. ಇಲ್ಲವೇ, ನೆನಪಿದ್ದೂ ಕೊಡು ಎಂದರೋ ಏನೋ.

ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಬ್ಯಾಂಕಿನ ನಂಬರಿಗೆ ಫೋನು ಮಾಡಿದರು. ಒಂದು ಒತ್ತಿ, ಎರಡು ಒತ್ತಿ ಎನ್ನುವುದು ನನಗೂ ಕೇಳಿಸುತ್ತಿತ್ತು. ಆಮೇಲೆ ಕಾರ್ಡನ್ನು ಜೇಬಿಗೆ ಹಾಕಿಕೊಂಡು, "ಸರಿ ಮೇಡಂ, ಸೋಮವಾರ ಬರ್ತೀನಿ. ಯಾರಿಗೂ ಕೊಡ್ಬೇಡಿ ಅದನ್ನ" ಎಂದು ತಮ್ಮ ನಂಬರು, ವಿಳಾಸ ಬರೆದುಕೊಟ್ಟು ಹೋದರು. ಅಪ್ಪ ಆ ದಿನ ಸಂಜೆಯವರೆಗೆ ಕೂರದೆ ಎದ್ದು ಮನೆಗೆ ಹೋದರು.

ಸೋಮವಾರ ಕಾರ್ಡ್ ಮೆಷಿನ್ ಕಂಪನಿಯವನನ್ನು ಕರೆಸಿದೆ. ಅವನು ಲೆಕ್ಕವೆಲ್ಲ ನೋಡಿ ಹೇಳಿದ: "ಅವ್ರ ಬ್ಯಾಂಕು ಹೂಂ ಅಂದಿದೆ ಮೇಡಂ. ಆ ಹೂಂ ನಿಮ್ಮ ಮೆಷಿನ್ನಿಗೆ ಬರೋ ದಾರೀಲಿ ತಪ್ಪೋಗಿದೆ, ನೆಟ್‌ವರ್ಕು ಬಿದ್ದಿದೆ. ದುಡ್ಡು ಎಲ್ಲೂ ಹೋಗಿಲ್ಲ, ಅವ್ರ ಹೆಸರಲ್ಲಿ ಪಕ್ಕಕ್ಕೆ ಎತ್ತಿಟ್ಟವ್ರೆ ಅಷ್ಟೆ. ಒಂದು ವಾರಕ್ಕೆ ಬಿಡ್ತಾರೆ."

"ಹಾಗಾದ್ರೆ ಚೀಟಿ ಬಂದಾಗ್ಲಾದ್ರೂ ದುಡ್ಡು ಬಂದಿರುತ್ತಲ್ವಾ?"

"ಆಗ್ಲೂ ಬಂದಿರಲ್ಲ ಮೇಡಂ. ಕೊಡ್ತೀವಿ ಅನ್ನೋ ಮಾತು ಬಂದಿರುತ್ತೆ ಅಷ್ಟೆ. ದಿನದ್ದೆಲ್ಲ ಕೂಡಿಸಿ, ಅವ್ರ ಬ್ಯಾಂಕು ನಮ್ಮ ಬ್ಯಾಂಕಿಗೆ ಕೊಟ್ಟು, ಕಮಿಷನ್ ಮುರ್ಕೊಂಡು ನಿಮ್ಮ ಖಾತೆಗೆ ಹಾಕೋದು ಮಾರನೇ ದಿನ. ಭಾನುವಾರ ಅಡ್ಡ ಬಂದ್ರೆ ಇನ್ನೂ ತಡ."

ಇಷ್ಟು ವರ್ಷ ಆ ಚೀಟಿಯನ್ನೇ ದುಡ್ಡು ಎಂದುಕೊಂಡು ಸಾಮಾನು ಕೊಡುತ್ತಿದ್ದೆ. ಚೀಟಿಯನ್ನು ನಂಬಿದವಳು ಮೇಷ್ಟ್ರ ಗುರುತಿನ ಚೀಟಿಯನ್ನು ನಂಬಲಿಲ್ಲ. ಕೂಡಲೇ ಅವರಿಗೆ ಫೋನು ಮಾಡಿದೆ. ದುಡ್ಡು ಆಮೇಲೆ ಕೊಡಿ, ಮೆಷಿನ್ ಈಗಲೇ ಕಳಿಸುತ್ತೇನೆ ಎಂದು ಹೇಳಬೇಕಿತ್ತು. ಫೋನು ತೆಗೆದದ್ದು ಅವರ ಮಗಳು.

"ಅಮ್ಮ ನಿನ್ನೆ ಬೆಳಿಗ್ಗೆ ತೀರ್ಕೊಂಡ್ರು" ಎಂದಳು. ಯಾರು ಮಾತಾಡುವುದು ಎಂದು ಎರಡು ಸಲ ಕೇಳಿದಳು.

ಬುಧವಾರ ಅಂಗಡಿ ಮುಚ್ಚಿ ಕುಣಿಗಲ್ ಬಸ್ಸು ಹತ್ತಿದೆ. ಅಪ್ಪ ತಾವೂ ಬರುತ್ತೇನೆಂದು ಹೊರಟು ನಿಂತಿದ್ದರು. ಮೇಷ್ಟ್ರ ಮನೆಯ ಅಂಗಳದಲ್ಲಿ ಮೂರು ನಾಲ್ಕು ಜನ ಕೂತಿದ್ದರು. ಮೇಷ್ಟ್ರು ನಮ್ಮನ್ನು ಗುರುತಿಸಿ ಒಳಗೆ ಕರೆದರು, ಮಗಳಿಗೆ ನೀರು ತರಲು ಹೇಳಿದರು. ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಶನಿವಾರ ಸಂಜೆ ಯಾರಿಂದಲೋ ಒಂದು ಸಿಲಿಂಡರ್ ತಂದಿದ್ದರಂತೆ. ಭಾನುವಾರ ಬೆಳಗಾಗುವ ಹೊತ್ತಿಗೆ ಅದು ಖಾಲಿಯಾಗಿತ್ತು. ಇನ್ನೊಂದು ಹುಡುಕಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಮೇಡಂ, ಆ ದುಡ್ಡು ನಿಮಗೆ ಬಂತಾ?" ಎಂದು ಅವರೇ ಕೇಳಿದರು.

"ಇಲ್ಲ ಸಾರ್."

"ನನಗೂ ವಾಪಸ್ ಬಂದಿಲ್ಲ. ಇಬ್ರ ಹತ್ರಾನೂ ಇಲ್ದೆ ಎಲ್ಲಿದೆ ಅದು?"

ಕಂಪನಿಯವನು ಹೇಳಿದ್ದನ್ನು ನಾನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮಧ್ಯೆ ಒಂದು ಸಲ ಕನ್ನಡಕ ತೆಗೆದು ಒರೆಸಿದರು. "ಅಂದ್ರೆ ದುಡ್ಡು ಹೊರಟೇ ಇರ್ಲಿಲ್ಲ" ಎಂದರು.

"ನಾನು ಕೊಡ್ಬೇಕಿತ್ತು ಸಾರ್" ಎಂದೆ.

ಅವರು ಮಗಳು ತಂದಿಟ್ಟ ನೀರನ್ನು ನನ್ನ ಕಡೆ ಸರಿಸಿದರು. ಮೆಷಿನ್ ಇದ್ದಿದ್ದರೆ ಆಕೆ ಉಳಿಯುತ್ತಿದ್ದರೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಡಾಕ್ಟರು ಏನೆಂದರೋ ಅವರೂ ಹೇಳಲಿಲ್ಲ. ಅಪ್ಪ ಎದ್ದು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವರ ಮಂಡಿಯ ಮೇಲೆ ಕೈಯಿಟ್ಟರು.

ಮುಂದಿನ ವಾರ ಮೇಷ್ಟ್ರಿಂದ ಮೆಸೇಜು ಬಂತು. "ಹಣ ವಾಪಸ್ ಬಂದಿದೆ ಮೇಡಂ. ನಿಮ್ಮ ಗಮನಕ್ಕೆ." ನಾನು ಲೆಕ್ಕದಲ್ಲಿ ತೊಂದರೆ ಪಡಬಾರದೆಂದು ಅಷ್ಟು ದುಃಖದಲ್ಲೂ ತಿಳಿಸಿದ್ದರು. ಉತ್ತರವಾಗಿ ಏನೇನೋ ಬರೆದೆ, ಬರೆದದ್ದನ್ನು ಅಳಿಸಿದೆ. ಒಬ್ಬರು ತಮ್ಮ ತಾಯಿಗೆ ವಾಕರ್ ಬೇಕೆಂದು ಬಂದು ಕಾಯುತ್ತಿದ್ದರು. ಫೋನನ್ನು ಮೇಜಿನ ಖಾನೆಯಲ್ಲಿಟ್ಟು, ಅಮ್ಮನ ಎತ್ತರ ಎಷ್ಟು ಎಂದು ಅವರನ್ನು ಕೇಳಿದೆ.