ಎರಡು ಸಾಲಿನ ಹೇಳಿಕೆ

"ಇದೆಲ್ಲಿ ಉಣ್ಣೆ, ಬರೇ ನೈಲಾನು" ಎಂದು ನಾನು ಕನ್ನಡದಲ್ಲಿ ಗೊಣಗಿದೆ. ನಾಸಿಕದ ಬಸ್ ನಿಲ್ದಾಣದೆದುರು ಸ್ವೆಟರ್ ಹರಡಿಕೊಂಡು ಕೂತಿದ್ದ ಟಿಬೆಟಿನ ಹೆಂಗಸು ತಲೆಯೆತ್ತಿ, "ಮೊದಲ ಮುಟ್ಟಿ ನೋಡು ತಂಗೀ, ಆಮ್ಯಾಲೆ ವಾದ ಮಾಡು" ಎಂದಳು.

ಮುಂಡಗೋಡದ ನಿರಾಶ್ರಿತರ ಕ್ಯಾಂಪಿನವಳು. ಅಲ್ಲಿ ಕಾಡು ಕಡಿದು ಹೊಲ ಮಾಡಿದ್ದರು. ಸುಗ್ಗಿ ಮುಗಿದ ಮೇಲೆ ಈ ವ್ಯಾಪಾರ. ಹೋದ ಜಿಲ್ಲೆಯಲ್ಲೆಲ್ಲ ಪೊಲೀಸರ ಮುಂದೆ ಹಾಜರಾಗಿ, ತನ್ನ ಫೋಟೋ ಇದ್ದ ನೋಂದಣಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು. ಔರಂಗಾಬಾದಿನ ಮುದ್ರೆ ಆಗಿತ್ತು, ನಾಸಿಕದ್ದೂ ಆಗಿತ್ತು. ಪುಸ್ತಕವನ್ನು ನಿಲುವಂಗಿಯೊಳಗೆ ಎದೆಗೊತ್ತಿ ಇಟ್ಟುಕೊಂಡಿದ್ದಳು. "ಇದು ಹೋತಂದ್ರ ಕ್ಯಾಂಪಿನ್ಯಾಗೂ ಇರಾಕ ಆಗಂಗಿಲ್ಲ" ಎಂದಿದ್ದಳು.

ಕಾಲೇಜಿಗೆ ಹೋಗುವಾಗ ಬರುವಾಗ ನಾನು ಅಲ್ಲಿ ನಿಲ್ಲತೊಡಗಿದೆ. ಆ ವರ್ಷ ನಾಸಿಕದಲ್ಲಿ ಚಳಿ ಬೀಳಲೇ ಇಲ್ಲ, ಅವಳ ಸ್ವೆಟರಿನ ಗಂಟು ಕರಗಲಿಲ್ಲ. ನಾನೇ ಹೇಳಿದೆ: "ಅಕ್ಕಾ, ಭಾನುವಾರ ಓಝರ್‌ಗೆ ಬರ್ರಿ. ವಿಮಾನ ಕಾರ್ಖಾನಿ ಕ್ವಾರ್ಟರ್ಸ್‌ನ್ಯಾಗ ಎಲ್ಲಾ ನಮ್ಮ ಕಡೆಯವರ, ತಗೋತಾರ. ನಮ್ಮಪ್ಪಂದೂ ಅಲ್ಲೇ ನೌಕರಿ."

"ನನ್ನಂಥಾಕಿ ಅಲ್ಲಿ ಬರಬಹುದೇನು?"

"ರಸ್ತೆ ಯಾರಪ್ಪಂದ್ರಿ? ನಡಿಯೋ ಹಕ್ಕು ಎಲ್ಲಾರ್ಗೂ ಅದ."

ನಿಯಮ ಏನೆಂದು ನಾನು ಯಾರನ್ನೂ ಕೇಳಿರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಗಂಟೆ ಬಾರಿಸುವುದರೊಳಗೆ ಉತ್ತರ ಹೇಳಿಬಿಡುವ ಅಭ್ಯಾಸ ನನ್ನದು.

ಅದು ರಕ್ಷಣಾ ಇಲಾಖೆಯ ಕಾರ್ಖಾನೆ, ವಿದೇಶಿಯರಿಗೆ ನಿಷೇಧಿತ ಜಾಗ. ಭಾನುವಾರ ಕಾವಲಿನವರು ಅವಳನ್ನು ತಡೆದರು, ಪುಸ್ತಕ ಕಿತ್ತುಕೊಂಡು ನಾಸಿಕದ ಪೊಲೀಸರಿಗೆ ಒಪ್ಪಿಸಿದರು. ಸೋಮವಾರ ಬೆಳಿಗ್ಗೆ ಅವಳು ಕಾಲೇಜಿನ ಗೇಟಿನ ಬಳಿ ನಿಂತಿದ್ದಳು. ಮರಾಠಿ ಬಾರದು. ದುಭಾಷಿಯಾಗಿ ನಾನು ಪೊಲೀಸ್ ಕಚೇರಿಗೆ ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ಕಟ್ಟುತ್ತಾ.

ಅಧಿಕಾರಿ ನನ್ನನ್ನು ನೋಡಿ ನಕ್ಕರು. ಹಿಂದಿನ ವರ್ಷ ಚರ್ಚಾಸ್ಪರ್ಧೆಯಲ್ಲಿ ನನ್ನ ಕೈಗೆ ಬಹುಮಾನದ ಕಪ್ಪು ಕೊಟ್ಟ ಮುಖ್ಯ ಅತಿಥಿ ಇವರೇ. ಎಪ್ಪತ್ತೊಂದರಲ್ಲಿ, ಪೂರ್ವದ ಗಡಿ ದಾಟಿ ಲಕ್ಷಗಟ್ಟಲೆ ಜನ ಬರುತ್ತಿದ್ದ ಕಾಲ ಅದು. ನಿರಾಶ್ರಿತರಿಗೆ ನೆಲೆ ಕೊಡುವುದು ದೇಶದ ಕರ್ತವ್ಯವೇ ಎಂಬ ವಿಷಯ. ಚೀಟಿ ಎತ್ತಿದಾಗ ನನಗೆ ಬಂದದ್ದು ವಿರೋಧ ಪಕ್ಷ.

ನಾನು ಹಕ್ಕು, ಮಾನವೀಯತೆ ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದು ಮರಾಠಿಯಲ್ಲಿ ಹೇಳಿದರು: "ಆಶ್ರಯ ಅನ್ನೋದು ಮನೆಯವರು ಕೊಟ್ಟಷ್ಟು, ಬಂದವರು ಕೇಳಿದಷ್ಟಲ್ಲ. ಯಾರ ಮಾತಮ್ಮ ಇದು?"

"ನಂದೇ. ಆದರೆ ಸರ್, ಅದು ಚೀಟಿಯಲ್ಲಿ ಬಂದ ಪಕ್ಷ."

"ಮತ್ತೆ ಇವತ್ತಿನದು? ಇದೂ ಚೀಟಿಯದೇ?"

"ಏನಂತಾರ ಸಾಹೇಬ್ರು?" ಎಂದಳು ಅವಳು.

ಅನುವಾದ ಮಾಡಲೇಬೇಕಿತ್ತು. ಎರಡು ನೂರು ಜನ ಚಪ್ಪಾಳೆ ತಟ್ಟಿದ ಆ ವಾಕ್ಯವನ್ನು ಅವಳ ಮುಖ ನೋಡುತ್ತ ಕನ್ನಡಕ್ಕೆ ತಂದೆ. ಯಾರು ಹೇಳಿದ್ದು ಎಂಬುದನ್ನೂ ಬಿಡಲಿಲ್ಲ. ಅವಳು ಮೇಜಿನ ಮೇಲಿನ ತನ್ನ ಪುಸ್ತಕದತ್ತ ಬೆರಳು ತೋರಿಸಿದಳು. "ಛಲೋ ಹೇಳೀ ಬಿಡು. ಈಗ ಪುಸ್ತಕ ಕೇಳು."

ಅಧಿಕಾರಿ ಒಂದು ಹಾಳೆ ಮುಂದೆ ಸರಿಸಿದರು. ನಿಷೇಧಿತ ಜಾಗವೆಂದು ತಿಳಿದೂ ಸ್ವಂತ ಇಚ್ಛೆಯಿಂದ ಹೋದೆ ಎಂಬ ಹೇಳಿಕೆ. ಅವಳು ಸಹಿ ಮಾಡಿದರೆ ಪುಸ್ತಕ ಮುಂಬಯಿಯ ಮೇಲಧಿಕಾರಿಗಳಿಗೆ ಹೋಗುತ್ತದೆ. ತಿರುಗಿ ಬರುವ ಭರವಸೆ ಇಲ್ಲ. "ನಮ್ಮ ಕಾನೂನಿನಲ್ಲಿ ನಿರಾಶ್ರಿತ ಅನ್ನೋ ಶಬ್ದವೇ ಇಲ್ಲಮ್ಮ. ವಿದೇಶಿ ಅಂತ ಮಾತ್ರ ಇದೆ. ಯಾರಾದರೂ ಕರೆದಿದ್ದರೆ ಮಾತು ಬೇರೆ. ಯಾರು ಅಂತ ಕಾವಲಿನವರು ಕನ್ನಡದಲ್ಲೇ ಕೇಳಿದರೂ ಈ ಹೆಂಗಸು ಬಾಯಿ ಬಿಟ್ಟಿಲ್ಲ."

ನಾನು ಅವಳ ಕಡೆ ತಿರುಗಿದೆ. "ಯಾಕ ಹೇಳಲಿಲ್ರಿ?"

"ನಿಮ್ಮಪ್ಪಂದು ಅಲ್ಲೇ ನೌಕರಿ ಐತಿ ಅಂದಿದ್ಯಲ್ಲ" ಎಂದು ಪೆನ್ನಿಗೆ ಕೈ ಚಾಚಿದಳು.

ಆ ಪೆನ್ನು ನಾನು ಕಿತ್ತುಕೊಂಡೆ. ಧೈರ್ಯದಿಂದಲ್ಲ, ಒಂದು ಕ್ಷಣ ತಡೆದರೂ ನನಗೆ ಯೋಚಿಸಲು ಸಮಯ ಸಿಗುತ್ತದೆ, ಯೋಚಿಸಿದರೆ ನಾನು ಎರಡೂ ಪಕ್ಷ ವಾದಿಸಬಲ್ಲೆ ಎಂಬ ಭಯದಿಂದ. ಬೇರೆ ಹಾಳೆ ಕೇಳಿ ಬರೆದೆ: ಇವರನ್ನು ಕ್ವಾರ್ಟರ್ಸಿಗೆ ಬರಹೇಳಿದವಳು ನಾನು, ನನ್ನ ತಂದೆ ಅಲ್ಲಿಯ ನೌಕರರು. ನಿರ್ಬಂಧದ ವಿಷಯ ನಾನು ಇವರಿಗೆ ತಿಳಿಸಿರಲಿಲ್ಲ.

ಅಧಿಕಾರಿ ಎರಡು ಸಲ ಓದಿದರು. "ಇದರ ಪ್ರತಿ ಕಾರ್ಖಾನೆಗೆ ಹೋಗುತ್ತದೆ, ಗೊತ್ತಲ್ಲ?" ಎಂದರು. ಹೂಂ ಎಂದೆ. ನಾಳೆ ಸಂಜೆಯೊಳಗೆ ಜಿಲ್ಲೆ ಬಿಡಬೇಕೆಂದು ಪುಸ್ತಕದಲ್ಲಿ ಬರೆದು, ಮುದ್ರೆ ಒತ್ತಿ, ಪುಸ್ತಕ ಅವಳ ಕೈಗಿತ್ತರು.

ಹೊರಗೆ ಅವಳು ಫೋಟೋ ಇದ್ದ ಪುಟ ತೆಗೆದು ನೋಡಿ, ಮತ್ತೆ ಎದೆಯೊಳಗೆ ಸೇರಿಸಿದಳು. "ಹಕ್ಕು ಅದ ಅಂದ್ಯಲ್ಲ ತಂಗೀ, ಎಲ್ಲಿ ಬರದೈತಿ ತೋರ್ಸು ಅಂತ ನಾ ಆವತ್ತ ಕೇಳಬೇಕಿತ್ತು." ನಕ್ಕಳು. ನನಗೆ ನಗು ಬರಲಿಲ್ಲ.

ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಶರ್ಟಿಗೆ ಸಿಕ್ಕಿಸಿದ ಕಾರ್ಖಾನೆಯ ಪಾಸನ್ನು ತೆಗೆಯುತ್ತಿದ್ದವರು ಹಾಗೇ ನಿಂತರು.

"ಎಷ್ಟ ಬರದಿ?"

"ಎರಡು ಸಾಲು."

"ಆ ಕಪ್ಪು ಗೆದ್ದ ಭಾಷಣಾ?"

"ಹನ್ನೊಂದು ಹಾಳಿ."

ಅಪ್ಪ ಪಾಸನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲೇ ಒಂದು ಖಾಲಿ ಹಾಳೆ ಇಟ್ಟರು. "ನಾಳೆ ಕಾರ್ಖಾನ್ಯಾಗ ನನ್ನ ಕರಸ್ತಾರ. ನಂದೂ ಒಂದು ಹೇಳಿಕಿ ಬರದ ಕೊಡು. ಎರಡ ಸಾಲಿನಾಗ ಮುಗಸು."